ಕರೆಂಟ್ ಹೋದಾಗ ತೆಗೆದ ಫೋಟೋ ಚಿತ್ರದ ಹಾಗೆ ಬಂತು, ಕಷ್ಟಪಟ್ಟು ತೆಗೆದದ್ದು ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು, ಡಿಗ್ರಿ ಕೊನೆಯ ವರ್ಷ. ಹೋದ ಕಾರ್ತಿಕದಲ್ಲಿ ಗುಳೇದಗುಡ್ಡದ ಮಾಮಾನ ಮನೆಗೆ ಹೋಗಿದ್ದೆ. ಸಂಜೆ ಕರೆಂಟ್ ಹೋಯಿತು. ನಮ್ಮ ಆಯಿ, ಅಂದರೆ ಅಮ್ಮನ ತಾಯಿ, ದೇವರ ಮನೆಯಿಂದ ದೀಪ ಹಿಡಿದುಕೊಂಡು, ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಇಟ್ಟುಕೊಂಡು ಪಡಸಾಲೆಗೆ ಬಂದರು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ನೋಡಿದವರೆಲ್ಲ ‘ರವಿವರ್ಮನ ದೀಪದ ಹೆಣ್ಣು ಇದ್ದಂಗೇ ಇದೆ’ ಅಂದರು. ಕಾಲೇಜಿನ ಪ್ರದರ್ಶನಕ್ಕೆ ಅದನ್ನೇ ಸರಿಯಾಗಿ ತೆಗೆಯೋಣ ಅಂತ ನವನಗರದ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗಳಿಗೆ ಹೊಸ ರೇಷ್ಮೆ ಸೀರೆ ಉಡಿಸಿ, ಕೈಗೆ ಬ್ಯಾಟರಿ ದೀಪ ಕೊಟ್ಟು, ಎರಡು ಎಲ್‌ಇಡಿ ಲೈಟ್ ಹಚ್ಚಿ, ಗೆಳತಿಯ ಡಿಎಸ್‌ಎಲ್‌ಆರ್‌ನಲ್ಲಿ ತೆಗೆದೆ. ಶಾಲೆಯ ಗ್ಯಾದರಿಂಗ್ ನಾಟಕದ ಹಾಗೆ ಬಂದಿದೆ. ಯಾಕೆ? ಮತ್ತೆ, ಹೀಗೆ ಚಿತ್ರ ನೋಡಿ ಫೋಟೋ ತೆಗೆದರೆ ಅದು ನಕಲು ಆಗುವುದಿಲ್ಲವೇ? ಎರಡೂ ಫೋಟೋ ಕಳಿಸಿದ್ದೇನೆ.

ಉತ್ತರ: ತಂಗಿ, ಎರಡೂ ಫೋಟೋ ನೋಡಿದೆ. ಮೊದಲನೆಯದನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದೆ. ಆಯಿಯ ಬೆರಳ ಸಂದಿಯಲ್ಲಿ ಕೆಂಪು ಬೆಳಕು ಸೋರಿ ಬರುತ್ತಿದೆಯಲ್ಲ, ಅಲ್ಲೇ ಕಣ್ಣು ನಿಂತುಬಿಟ್ಟಿತು. ಬೆಳಗಾವಿಯಲ್ಲಿ ನಾನು ಸ್ಟುಡಿಯೋ ಇಟ್ಟು 26 ವರ್ಷ ಆಯಿತು. ಇಂಥ ಫೋಟೋ ಬೇಕೆಂದಾಗ ಬರುವುದಿಲ್ಲ, ಬಂದಾಗ ಕೈಯಲ್ಲಿ ಕ್ಯಾಮೆರಾ ಇರಬೇಕು. ನಿಮ್ಮ ಕೈಯಲ್ಲಿ ಇತ್ತು.

ಮೊದಲು ಒಂದು ವಿಷಯ ಸರಿಮಾಡಿಕೊಳ್ಳೋಣ. ಜನ ನೆನಪಿಸಿಕೊಂಡ ಆ ಚಿತ್ರ ರವಿವರ್ಮನದಲ್ಲ. ಬರೆದವರು ಎಸ್. ಎಲ್. ಹಲ್ದಂಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿದವರು. ನಮ್ಮ ಬೆಳಗಾವಿಯಿಂದ ಹೊರಟು ಅಂಬೋಲಿ ಘಾಟ್ ಇಳಿದರೆ ಸಿಗುವ ಊರು ಅದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬಂದದ್ದು 1945-46ರ ಸುಮಾರಿಗೆ, ನಡುವೆ ಹತ್ತಿರ ಹತ್ತಿರ 40 ವರ್ಷ. ಹಲ್ದಂಕರ್ ತಮ್ಮ ಮಗಳ ಕೈಗೇ ದೀಪ ಕೊಟ್ಟು ನಿಲ್ಲಿಸಿ ಬರೆದರು. ಚಿತ್ರ ಈಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇವೆ. ಹೋಗಿ ಬಂದವರ ನೆನಪಿನಲ್ಲಿ ಎಲ್ಲ ಕೂಡಿಕೊಂಡು ಎಲ್ಲವೂ ರವಿವರ್ಮನದೇ ಆಗಿಬಿಡುತ್ತವೆ.

ತಪ್ಪು ಹಿಡಿಯಲಿಕ್ಕೆ ಇದನ್ನು ಹೇಳಲಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ರವಿವರ್ಮನ ದೊಡ್ಡ ಚಿತ್ರಗಳು ಎಣ್ಣೆ ಬಣ್ಣದವು. ಹಲ್ದಂಕರ್ ಅವರದು ಜಲವರ್ಣ, ಕಾಗದದ ಮೇಲೆ. ಎಣ್ಣೆ ಬಣ್ಣದಲ್ಲಿ ಕೊನೆಗೆ ಬಿಳಿ ಬಣ್ಣ ತೆಗೆದುಕೊಂಡು ಎಲ್ಲಿ ಬೇಕೋ ಅಲ್ಲಿ ಬೆಳಕು ಇಡಬಹುದು. ಜಲವರ್ಣದಲ್ಲಿ ಹಾಗಲ್ಲ. ಅಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ಸುತ್ತ ಕತ್ತಲೆ ಬಳಿಯುತ್ತಾ ಬಳಿಯುತ್ತಾ ಬೆಳಕು ಇರಬೇಕಾದ ಜಾಗವನ್ನು ಮುಟ್ಟದೆ ಬಿಡಬೇಕು. ಬೆಳಕನ್ನು ಹಾಕುವುದಲ್ಲ, ಉಳಿಸುವುದು. ಆ ಹೆಣ್ಣಿನ ಮುಖದ ಮೇಲಿನ ಹೊಳಪು ಹಾಗೆ ಉಳಿಸಿಕೊಂಡದ್ದು.

ನಿಮ್ಮ ಮೊದಲ ಫೋಟೋದಲ್ಲಿ ಕರೆಂಟ್ ಹೋಗಿತ್ತು. ಕತ್ತಲೆ ತಾನಾಗಿ ಬಂದಿತ್ತು, ಬೆಳಕು ಉಳಿದುಕೊಂಡಿತು. ಎರಡನೆಯದರಲ್ಲಿ ನೀವು ಬೆಳಕು ತಂದು ಸುರಿದಿರಿ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣದಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೀಪ ಆಯಿಯ ಮುಖದಿಂದ ಒಂದು ಗೇಣು ದೂರ ಇತ್ತು ಅಂದುಕೊಳ್ಳಿ. ಅದೇ ದೀಪ ಎರಡು ಗೇಣು ದೂರ ಹೋದರೆ ಮುಖಕ್ಕೆ ಬೀಳುವ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಮೂರು ಗೇಣಿಗೆ ಒಂಬತ್ತರಲ್ಲಿ ಒಂದು ಭಾಗ. ಆಯಿಯ ಹಿಂದಿನ ಗೋಡೆ ದೀಪದಿಂದ ಎಂಟು ಗೇಣು ದೂರ ಇದ್ದರೆ ಅಲ್ಲಿಗೆ ಮುಟ್ಟುವುದು 64ರಲ್ಲಿ ಒಂದು ಭಾಗ ಮಾತ್ರ. ಅದಕ್ಕೇ ಹಿಂದಿನ ಗೋಡೆ, ಗೋಡೆಯ ಕ್ಯಾಲೆಂಡರ್, ಮೂಲೆಯ ಜೋಳದ ಚೀಲ ಎಲ್ಲ ಮಾಯ ಆದವು. ಮುಖ ಒಂದೇ ಉಳಿಯಿತು. ಈಗ ನವನಗರದ ಲೆಕ್ಕ ನೋಡಿ. ಎಲ್‌ಇಡಿ ಲೈಟ್ ತಂಗಿಯಿಂದ ಆರು ಅಡಿ ದೂರ, ಅವಳ ಹಿಂದೆ ಮೂರು ಅಡಿಗೆ ಗೋಡೆ. ಮುಖಕ್ಕೆ ಬಿದ್ದ ಬೆಳಕಿನಲ್ಲಿ ಹತ್ತಿರ ಹತ್ತಿರ ಅರ್ಧ ಗೋಡೆಗೂ ಬೀಳುತ್ತದೆ. ಸ್ವಿಚ್ ಬೋರ್ಡು, ಗೋಡೆಯ ಬಣ್ಣ, ಕಿಟಕಿಯ ಪರದೆಯ ಹೂವು, ಎಲ್ಲವೂ ‘ನಾನೂ ಇದ್ದೀನಿ’ ಅಂತ ಮುಂದೆ ಬರುತ್ತವೆ. ಲೈಟ್ ಎರಡು ಇದ್ದದ್ದರಿಂದ ಮೂಗಿಗೆ ಎರಡೂ ಕಡೆ ನೆರಳು ಬಿದ್ದಿದೆ, ನೀವೇ ನೋಡಿ. ಮನುಷ್ಯರ ಮುಖದ ಮೇಲೆ ಎರಡು ಕಡೆ ನೆರಳು ಕಂಡರೆ ನಮ್ಮ ಕಣ್ಣು ತಕ್ಷಣ ಇದು ಸ್ಟೇಜ್ ಅಂತ ತೀರ್ಮಾನ ಮಾಡುತ್ತದೆ. ಗ್ಯಾದರಿಂಗ್ ನಾಟಕ ಅಂತ ನಿಮಗೆ ಅನಿಸಿದ್ದು ಅದಕ್ಕೇ, ಸೀರೆ ಕಾರಣ ಅಲ್ಲ.

ಇನ್ನು ಕೈ. ಚಿಕ್ಕಂದಿನಲ್ಲಿ ಟಾರ್ಚಿನ ಮೇಲೆ ಅಂಗೈ ಮುಚ್ಚಿ ಬೆರಳು ಕೆಂಪಾಗುವುದನ್ನು ನೋಡಿ ಆಡಿದ್ದೀರಿ ಅಲ್ವಾ? ಬೆಳಕು ಬೆರಳಿನ ಮಾಂಸದೊಳಗೆ ಹೊಕ್ಕು ಆ ಕಡೆ ಹೊರಗೆ ಬರುತ್ತದೆ. ದಾರಿಯಲ್ಲಿ ಉಳಿದ ಬಣ್ಣಗಳನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ಮಾತ್ರ ದಾಟುತ್ತದೆ. ಹಲ್ದಂಕರ್ ಚಿತ್ರದ ಜೀವ ಇರುವುದೂ ಆ ಬೆರಳುಗಳಲ್ಲೇ. ನಿಮ್ಮ ಎರಡನೇ ಫೋಟೋದಲ್ಲಿ ಮುಂದಿನಿಂದ ಬಿದ್ದ ಎಲ್‌ಇಡಿ ಬೆಳಕು ಆ ಕೆಂಪನ್ನು ಪೂರ್ತಿ ಒರೆಸಿ ಹಾಕಿತು. ಸಾಲದ್ದಕ್ಕೆ ಅವಳ ಕೈಯಲ್ಲಿದ್ದದ್ದು ಬ್ಯಾಟರಿ ದೀಪ. ಅದಕ್ಕೆ ಬಿಸಿ ಇಲ್ಲ. ಬಿಸಿ ಇಲ್ಲದ ದೀಪಕ್ಕೆ ಅಂಗೈ ಎಷ್ಟು ಹತ್ತಿರ ಇರಬೇಕು ಅಂತ ಯಾವ ಕೈಗೂ ತಿಳಿಯುವುದಿಲ್ಲ. ನಿಮ್ಮ ತಂಗಿ ಕೈಯನ್ನು ಆಶೀರ್ವಾದ ಮಾಡುವವರ ಹಾಗೆ ಹಿಡಿದಿದ್ದಾಳೆ. ಆಯಿ ಹಿಡಿದದ್ದು ದೀಪ ಆರಬಾರದು ಅಂತ. ಬೆರಳು ಕೂಡಿಕೊಂಡಿವೆ, ಮಣಿಕಟ್ಟು ಸ್ವಲ್ಪ ಒಳಗೆ ಬಾಗಿದೆ, ಕಣ್ಣು ದೀಪದ ಮೇಲಿಲ್ಲ, ಕಾಲಿಡುವ ಹೊಸ್ತಿಲ ಮೇಲಿದೆ. ಅದನ್ನು ಯಾರೂ ಹೇಳಿಕೊಟ್ಟು ಮಾಡಿಸಲಿಕ್ಕೆ ಆಗುವುದಿಲ್ಲ.

ನನಗೂ ಇದು ಬೇಗ ತಿಳಿಯಲಿಲ್ಲ. ಸುಮಾರು ವರ್ಷಗಳ ಹಿಂದೆ ಒಂದು ಸೀರೆ ಅಂಗಡಿಯವರು ಕ್ಯಾಲೆಂಡರಿಗೆ ಅಂತ ರವಿವರ್ಮನ ಶಕುಂತಲೆಯನ್ನು ಫೋಟೋದಲ್ಲಿ ಮಾಡಿಕೊಡಿ ಅಂದರು. ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ತಿರುಗಿ ದುಷ್ಯಂತನನ್ನು ಹುಡುಕುವ ಚಿತ್ರ, ನಿಮಗೆ ಗೊತ್ತೇ ಇರುತ್ತದೆ. ನಾನು ಮಲ್ಲಿಗೆ ತರಿಸಿದೆ, ಬಳ್ಳಿ ಕಟ್ಟಿಸಿದೆ, ಪರದೆ ಬರೆಸಿದೆ, ಸೀರೆಯ ನೆರಿಗೆ ಎಣಿಸಿ ಕೂಡಿಸಿದೆ. ಇಡೀ ದಿನ ತೆಗೆದೆವು. ಒಂದೂ ಚೆನ್ನಾಗಿ ಬರಲಿಲ್ಲ. ಆ ಹುಡುಗಿ ಒಂಟಿ ಕಾಲಿನಲ್ಲಿ ನಿಂತು ಬೀಳದ ಹಾಗೆ ಸಂಭಾಳಿಸುತ್ತಾ, ಸರಿ ಇದೆಯಾ ಅಂತ ಕೇಳುವವಳ ಹಾಗೆ ನನ್ನ ಕಡೆಗೇ ನೋಡುತ್ತಿದ್ದಳು. ಸಂಜೆ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋಗಲು ಅವರ ಅಣ್ಣ ಬಂದ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ. ಅವಳು ತಿರುಗಿದಳಲ್ಲ, ಆಗ ಕತ್ತು, ಭುಜ, ಕಣ್ಣು ಎಲ್ಲ ಒಮ್ಮೆಗೇ ಚಿತ್ರಕ್ಕೆ ಬಂದವು. ನಾನು ಕ್ಯಾಮೆರಾ ಕೆಳಗಿಟ್ಟುಬಿಟ್ಟಿದ್ದೆ. ಆ ಚಿತ್ರದಲ್ಲಿ ಮುಳ್ಳು ಮುಖ್ಯವಲ್ಲ, ಚೌಕಟ್ಟಿನ ಹೊರಗೆ ಇರುವ ಮನುಷ್ಯ ಮುಖ್ಯ. ನಾನು ಚೌಕಟ್ಟಿನೊಳಗಿನದನ್ನೆಲ್ಲ ತಂದಿದ್ದೆ, ಹೊರಗೆ ಯಾರನ್ನೂ ನಿಲ್ಲಿಸಿರಲಿಲ್ಲ. ಈಗ ಇಂಥ ಫೋಟೋ ತೆಗೆಯುವಾಗ ಮೊದಲು ಕೇಳಿಕೊಳ್ಳುವುದೇ ಎರಡು: ಬೆಳಕು ಎಲ್ಲಿಂದ ಬರುತ್ತಿದೆ, ಈ ಮನುಷ್ಯರು ಏನನ್ನು ನೋಡುತ್ತಿದ್ದಾರೆ. ಬಟ್ಟೆ, ಒಡವೆ ಆಮೇಲೆ.

ಬಟ್ಟೆ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಆಯಿ ಉಟ್ಟದ್ದು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಹತ್ತಾರು ಸಲ ಒಗೆದು ಮೈಗೆ ಹೊಂದಿಕೊಂಡ ಬಟ್ಟೆ. ಸೆರಗು ತಲೆಯಿಂದ ಹೆಗಲಿಗೆ ಇಳಿದ ರೀತಿ ನೋಡಿ, ಅದರ ಭಾರ ಕಾಣುತ್ತದೆ. ಹೊಸ ರೇಷ್ಮೆ ಸೀರೆಯಲ್ಲಿ ಪೆಟ್ಟಿಗೆಯ ಮಡಿಕೆ ಗೆರೆ ಹಾಗೇ ಇದೆ, ಜರಿ ಎಲ್‌ಇಡಿಗೆ ಕನ್ನಡಿಯ ಹಾಗೆ ಹೊಳೆದಿದೆ. ಬೆಳಕು ಮುಖಕ್ಕಿಂತ ಜಾಸ್ತಿ ಎಲ್ಲಿ ಇರುತ್ತದೋ ಕಣ್ಣು ಅಲ್ಲಿಗೇ ಹೋಗುತ್ತದೆ. ನಿಮ್ಮ ಫೋಟೋದಲ್ಲಿ ಅದು ಸೊಂಟದ ಹತ್ತಿರ ಹೋಗಿದೆ.

ಈಗ ಇನ್ನೊಂದು ಕಡೆಯಿಂದ ನೋಡೋಣ. ತಾನಾಗಿ ಬಂದ ಫೋಟೋ ಯಾಕೆ ಚಿತ್ರದ ಹಾಗೆ ಕಾಣುತ್ತದೆ? 2016ರ ಹೊಸ ವರ್ಷದ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜೋಯಲ್ ಗುಡ್‌ಮನ್ ಎಂಬ ಫೋಟೋಗ್ರಾಫರ್ ತೆಗೆದ ಒಂದು ಫೋಟೋ ಜಗತ್ತೆಲ್ಲ ಓಡಾಡಿತು. ರಸ್ತೆಯ ಮೇಲೆ ಒಬ್ಬ ಮಲಗಿಕೊಂಡು ಬಿಯರ್ ಬಾಟಲಿಗೆ ಕೈ ಚಾಚಿದ್ದಾನೆ, ಪಕ್ಕದಲ್ಲಿ ಪೊಲೀಸರು ಒಬ್ಬನನ್ನು ಹಿಡಿದಿದ್ದಾರೆ, ಸುತ್ತ ಜನ. ಇದು ಹಳೆಯ ಇಟಲಿಯ ಚಿತ್ರ ಇದ್ದ ಹಾಗೆ ಇದೆ ಅಂತ ಜನ ಅದರ ಮೇಲೆ ಶಂಖದ ಸುರುಳಿಯಂಥ ಗೆರೆ ಎಳೆದು, ನೋಡಿ ಅಳತೆ ಹೇಗೆ ಕೂತಿದೆ ಅಂದರು. ಆ ಸುರುಳಿಯನ್ನು ನಾನು ನಂಬುವುದಿಲ್ಲ. ತಿರುಗಿಸಿ ಮುರುಗಿಸಿ ಇಟ್ಟರೆ ಅದು ಯಾವ ಫೋಟೋಗೂ ಕೂರುತ್ತದೆ. ನಿಜವಾಗಿ ಅಲ್ಲಿ ಕೆಲಸ ಮಾಡಿದ್ದು ಬೇರೆ. ಒಬ್ಬೊಬ್ಬರೂ ಒಂದೊಂದು ಕೆಲಸದಲ್ಲಿ ಮುಳುಗಿದ್ದಾರೆ, ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಕೈಗಳೆಲ್ಲ ಏನನ್ನೋ ಹೇಳುತ್ತಿವೆ. ಹಳೆಯ ಚಿತ್ರಕಾರರು ತಿಂಗಳುಗಟ್ಟಲೆ ಕೂತು ಜೋಡಿಸುತ್ತಿದ್ದದ್ದು ಅದನ್ನೇ.

ಇನ್ನೊಂದು ಕಾರಣ ನಮ್ಮ ಕಣ್ಣಿನ ಅಭ್ಯಾಸ. 2011ರಲ್ಲಿ ಯೆಮನ್ ದೇಶದಲ್ಲಿ ಸ್ಯಾಮುಯೆಲ್ ಅರಾಂಡಾ ತೆಗೆದ ಫೋಟೋದಲ್ಲಿ ಕಪ್ಪು ಬುರ್ಖಾದ ತಾಯಿ ಅಶ್ರುವಾಯುವಿನಿಂದ ನರಳುತ್ತಿದ್ದ ಮಗನನ್ನು ಅಪ್ಪಿಕೊಂಡು ಕೂತಿದ್ದಾಳೆ. ಅದಕ್ಕೆ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. ಯುರೋಪಿನವರಿಗೆ ಅದನ್ನು ನೋಡಿದ ಕೂಡಲೇ ಮೈಕೆಲೇಂಜೆಲೋ ಕೆತ್ತಿದ ಮೇರಿ ಮತ್ತು ಏಸುವಿನ ಮೂರ್ತಿ ನೆನಪಾಯಿತು, 1498-99ರಲ್ಲಿ ಮಾಡಿದ್ದು. ನಮಗೆ ಯಾವುದು ನೆನಪಾಗುತ್ತದೆ? ರವಿವರ್ಮ. 1894ರಲ್ಲಿ ಮುಂಬೈ ಹತ್ತಿರ ಅವನು ಕಲ್ಲಚ್ಚಿನ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿ, ದಮಯಂತಿ ಎಲ್ಲ ಅಚ್ಚಾಗಿ ಮನೆ ಮನೆಗೆ ಬಂದರು. ದೇವರ ಮನೆ, ಅಂಗಡಿ, ಗಿರಣಿ, ಎಲ್ಲ ಕಡೆ. ನಿಮ್ಮ ಆಯಿಯ ದೇವರ ಮನೆಯಲ್ಲೂ ಅದೇ ಬಳಗದ ಲಕ್ಷ್ಮಿ ಫೋಟೋ ಒಂದು ಇರಬಹುದು, ನೋಡಿ. ಸೀರೆ ಉಟ್ಟ ಹೆಣ್ಣುಮಗಳ ಮೇಲೆ ಒಂದು ಕಡೆಯಿಂದ ಮೆತ್ತಗೆ ಬೆಳಕು ಬಿದ್ದರೆ ಸಾಕು, ನಮ್ಮ ಬಾಯಲ್ಲಿ ಅವನ ಹೆಸರು ಬರುತ್ತದೆ. ಹಲ್ದಂಕರ್ ಹೆಸರು ಮರೆಯಾದದ್ದೂ ಹಾಗೆಯೇ. ಪ್ರದರ್ಶನದಲ್ಲಿ ನೀವಾದರೂ ಅವರ ಹೆಸರು ಬರೆದು ಹಾಕಿ.

ನಕಲು ಅಲ್ಲವೇ ಅಂತ ಕೇಳಿದ್ದೀರಿ. ಚಿತ್ರ ನೋಡಿ ಫೋಟೋ ತೆಗೆಯುವುದು ಫೋಟೋದಷ್ಟೇ ಹಳೆಯ ಆಸೆ. ಕಲ್ಕತ್ತಾದಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 48ನೇ ವಯಸ್ಸಿಗೆ ಕ್ಯಾಮೆರಾ ಹಿಡಿದು, ಮನೆಯ ಕೆಲಸದವರನ್ನು, ನೆಂಟರ ಮಕ್ಕಳನ್ನು ಕೂಡಿಸಿ ಇಟಲಿಯ ಚಿತ್ರಗಳ ಹಾಗೆ ತಾಯಿ ಮಗುವಿನ ಫೋಟೋ ತೆಗೆದಳು. ಅದಕ್ಕೂ ಮೊದಲು, 1857ರಲ್ಲಿ, ರೈಲಾಂಡರ್ ಎಂಬಾತ 30ಕ್ಕೂ ಹೆಚ್ಚು ನೆಗೆಟಿವ್ ಕೂಡಿಸಿ ಇಟಲಿಯ ಚಿತ್ರಕಾರ ರಫೇಲನ ಚಿತ್ರದ ಮಾದರಿಯಲ್ಲಿ ಒಂದೇ ದೊಡ್ಡ ಫೋಟೋ ಮಾಡಿದ. 1993ರಲ್ಲಿ ಕೆನಡಾದ ಜೆಫ್ ವಾಲ್, ಜಪಾನಿನ ಹೊಕುಸಾಯ್‌ನ ಬಿರುಗಾಳಿಯ ಚಿತ್ರವನ್ನು ಮತ್ತೆ ಮಾಡಲಿಕ್ಕೆ 100ಕ್ಕೂ ಹೆಚ್ಚು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿದ, ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಮ್ಮವರೇ ಆದ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯನ್ನು ನೀವು ಹುಡುಕಿ ನೋಡಲೇಬೇಕು. ರವಿವರ್ಮನ ಬೆಳದಿಂಗಳ ಹೆಣ್ಣು, ಲಕ್ಷ್ಮಿ ಎಲ್ಲ ಇದ್ದಾರೆ, ಎಲ್ಲದರಲ್ಲೂ ಪುಷ್ಪಮಾಲಾ ತಾವೇ ನಿಂತಿದ್ದಾರೆ. ಪರದೆಯ ಅಂಚು, ಕಟ್ಟಿದ ಹಗ್ಗ ಕಂಡರೆ ಅವರು ಮುಚ್ಚಿಡುವುದಿಲ್ಲ. ಇದು ವೇಷ ಅಂತ ಹೇಳಿಯೇ ತೋರಿಸುತ್ತಾರೆ. ಹೆಂಗಸನ್ನು ಚಿತ್ರದಲ್ಲಿ ಹೀಗೆ ನಿಲ್ಲಿಸಿದ್ದು ಯಾರು, ಯಾಕೆ ಎಂಬ ಪ್ರಶ್ನೆ ನೋಡುವವರ ತಲೆಯಲ್ಲಿ ಏಳುತ್ತದೆ. ಅದು ನಕಲು ಹೇಗೆ ಆದೀತು?

2020ರ ಲಾಕ್‌ಡೌನ್‌ನಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಂ, ಮನೆಯಲ್ಲಿರುವ ಮೂರು ಸಾಮಾನು ಹಿಡಿದು ಒಂದು ಪ್ರಸಿದ್ಧ ಚಿತ್ರ ಮಾಡಿ ತೋರಿಸಿ ಅಂತ ಜನರಿಗೆ ಹೇಳಿತು. ಟವೆಲ್ಲು, ಪಾತ್ರೆ, ದಿಂಬು ಹಿಡಿದು ಜನ ಮಾಡಿದ ಫೋಟೋಗಳಲ್ಲಿ ಕೆಲವು ನಿಜಕ್ಕೂ ಬೆರಗಿನವು. ಅದೇ ವರ್ಷದ ಕ್ಯಾಲೆಂಡರ್ ಒಂದಕ್ಕೆ ಚೆನ್ನೈನ ಫೋಟೋಗ್ರಾಫರ್ ವೆಂಕಟ್ ರಾಮ್ ಸಿನಿಮಾ ನಟಿಯರನ್ನು ರವಿವರ್ಮನ ಚಿತ್ರಗಳ ಹಾಗೆ ತೆಗೆದರು, ನಿಮ್ಮ ಗೆಳತಿಯರೂ ನೋಡಿರುತ್ತಾರೆ. ಅಷ್ಟು ಚಂದದ ಕೆಲಸಕ್ಕೆ ಮೇಕಪ್‌ನವರು, ಬಟ್ಟೆಯವರು, ಪರದೆ ಬರೆಯುವವರು ಎಲ್ಲ ಬೇಕು. ನಿಮ್ಮ ಹತ್ತಿರ ಅದು ಇಲ್ಲ. ಆಯಿ ಇದ್ದಾರೆ, ಹಳೆಯ ಮನೆ ಇದೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಚಿತ್ರದ ಹಕ್ಕು ಚಿತ್ರಕಾರರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ರವಿವರ್ಮನ ಚಿತ್ರಗಳ ಹಕ್ಕು ಬಹಳ ಹಿಂದೆಯೇ ಮುಗಿದಿದೆ. ಹಲ್ದಂಕರ್ ತೀರಿಕೊಂಡದ್ದು 1968ರಲ್ಲಿ, ಹಾಗಾಗಿ ಅವರ ಚಿತ್ರದ ಹಕ್ಕು 2028ರ ಕೊನೆಯವರೆಗೆ ಇರುತ್ತದೆ. ಆ ಚಿತ್ರವನ್ನೇ ಇದ್ದ ಹಾಗೆ ಫೋಟೋದಲ್ಲಿ ಮಾಡಿ ಕ್ಯಾಲೆಂಡರಿಗೋ ಜಾಹೀರಾತಿಗೋ ಮಾರುವುದಾದರೆ ಹಕ್ಕು ಇರುವವರನ್ನು ಕೇಳಬೇಕು. ನಿಮ್ಮ ಆಯಿಯ ಮೊದಲ ಫೋಟೋಗೆ ಇದು ಯಾವುದೂ ತಾಗುವುದಿಲ್ಲ. ದೀಪಕ್ಕೆ ಅಂಗೈ ಅಡ್ಡ ಹಿಡಿದು ಬರುವುದು ಯಾರ ಹಕ್ಕೂ ಅಲ್ಲ, ಅದು ಎಲ್ಲ ಮನೆಯ ಸಂಜೆ. ಅದನ್ನೇ ಪ್ರದರ್ಶನಕ್ಕೆ ಕೊಡಿ. ಎರಡನೆಯದನ್ನು ಕೊಡಬೇಡಿ.

ಆದರೂ ಮತ್ತೆ ತೆಗೆಯಬೇಕು ಅನಿಸಿದರೆ ಗುಳೇದಗುಡ್ಡಕ್ಕೇ ಹೋಗಿ. ಸೂರ್ಯ ಮುಳುಗಿ ಅರ್ಧ ಗಂಟೆ ಆಗಲಿ, ಬಾಗಿಲು ಹಾಕಿ, ಟ್ಯೂಬ್‌ಲೈಟ್ ಆರಿಸಿ, ಟಿವಿಯ ಕೆಂಪು ಚುಕ್ಕಿಯನ್ನೂ ಮುಚ್ಚಿ. ನಿಜವಾದ ದೀಪ, ನಿಜವಾದ ಎಣ್ಣೆ. ಎರಡು ಮೂರು ಬತ್ತಿ ಕೂಡಿಸಿ ಹೊಸೆದರೆ ಉರಿ ಸ್ವಲ್ಪ ದೊಡ್ಡದಾಗುತ್ತದೆ. ಸೆರಗು ಹಿಂದಕ್ಕೆ ಸಿಕ್ಕಿಸಿರಲಿ, ಒಂದು ಬಕೆಟ್ ನೀರು ಪಕ್ಕದಲ್ಲಿ ಇರಲೇಬೇಕು. ದೀಪ ಗದ್ದದ ಕೆಳಗೆ ಬೇಡ, ಹಾಗೆ ಹಿಡಿದರೆ ಬೆಳಕು ಮೂಗಿನ ಕೆಳಗಿಂದ ಬಂದು ಮುಖ ಭಯ ಹುಟ್ಟಿಸುತ್ತದೆ. ಎದೆಯ ಮಟ್ಟದಲ್ಲಿ, ಮೈಯಿಂದ ಒಂದು ಗೇಣು ಮುಂದಕ್ಕೆ, ಒಂದು ಬದಿಗೆ ಸ್ವಲ್ಪ ಸರಿದು ಇರಲಿ. ಉರಿ ನೇರವಾಗಿ ಕ್ಯಾಮೆರಾಗೆ ಕಾಣದ ಹಾಗೆ ಅಂಗೈ ಅಡ್ಡ ಬರಬೇಕು. ಉರಿ ಕಂಡರೆ ಫೋಟೋದಲ್ಲಿ ಅದು ಬರೀ ಬಿಳಿ ತೂತು ಆಗುತ್ತದೆ. ಆಮೇಲೆ ಆಯಿಯನ್ನು ನಿಲ್ಲಿಸಬೇಡಿ, ನಡೆಸಿ. ದೇವರ ಮನೆಯಿಂದ ಪಡಸಾಲೆಗೆ ನಾಲ್ಕು ಸಲ ಬರಲಿ, ನೀವು ಹೊಸ್ತಿಲ ಈ ಕಡೆ ಕಾದು ಕೂತಿರಿ. ಆಚೆ ಕಡೆಯಿಂದ ಮಾಮಾ ಏನಾದರೂ ಕೇಳಲಿ, ಅವರು ಉತ್ತರ ಕೊಡಲಿ.

ಮೊಬೈಲ್ ಆದರೆ ಎಚ್‌ಡಿಆರ್, ನೈಟ್ ಮೋಡ್ ಎರಡೂ ಬಂದ್ ಮಾಡಿ. ಅವು ಕತ್ತಲೆಯನ್ನು ತಪ್ಪು ಅಂತ ತಿಳಿದು ತೊಳೆದು ಬೆಳ್ಳಗೆ ಮಾಡಿಬಿಡುತ್ತವೆ. ಪರದೆಯ ಮೇಲೆ ಮುಖವನ್ನು ಒತ್ತಿ, ಬೆಳಕಿನ ಗೆರೆಯನ್ನು ಕೆಳಗೆ ಎಳೆಯಿರಿ, ಕೆನ್ನೆಯ ಹೊಳಪು ಸುಡದ ಹಾಗೆ. ಹತ್ತಿರ ಹೋಗಬೇಡಿ. ಮೊಬೈಲಿನ ಲೆನ್ಸ್ ಅಗಲ ನೋಟದ್ದು, ಎರಡು ಅಡಿಯಿಂದ ತೆಗೆದರೆ ಮೂಗು ದೊಡ್ಡದು, ಕಿವಿ ಹಿಂದೆ ಹೋಗುತ್ತದೆ, ಚಿತ್ರದ ಗಾಂಭೀರ್ಯ ಅಲ್ಲೇ ಮುಗಿಯಿತು. ಆರೇಳು ಅಡಿ ಹಿಂದೆ ನಿಂತು ಬೇಕಾದಷ್ಟು ಆಮೇಲೆ ಕತ್ತರಿಸಿಕೊಳ್ಳಿ. ಗೆಳತಿಯ ಕ್ಯಾಮೆರಾ ಆದರೆ ಅದರ ಜೊತೆ ಬರುವ 18-55 ಲೆನ್ಸಿಗೆ ದೀಪದ ಬೆಳಕು ಸಾಲುವುದಿಲ್ಲ. 50 ಎಂಎಂ ಎಫ್ 1.8 ಲೆನ್ಸ್ ಯಾರದಾದರೂ ಸಿಕ್ಕರೆ ತನ್ನಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/30, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ತೆರೆದು ಶುರು ಮಾಡಿ, ಅಲ್ಲಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಬಣ್ಣವನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ದೀಪದ ಹಳದಿಯನ್ನು ತೆಗೆದುಹಾಕಲು ನೋಡುತ್ತದೆ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ದೀಪದ ಉರಿ ಸುಮಾರು 1900, ಕ್ಯಾಮೆರಾವನ್ನು 3000ದ ಆಸುಪಾಸಿಗೆ ಇಟ್ಟರೆ ಹಳದಿಯೂ ಉಳಿಯುತ್ತದೆ, ಮುಖ ಅರಿಸಿನ ಬಳಿದ ಹಾಗೂ ಆಗುವುದಿಲ್ಲ.

ಹಗಲಿನಲ್ಲಿ ಅದೇ ಮನೆಯನ್ನು ಇನ್ನೊಂದು ಸಲ ನೋಡಿ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತದಲ್ಲ, ಹೊಸ ಮನೆ ಕಟ್ಟುವವರೆಲ್ಲ ಅದನ್ನು ಕತ್ತಲೆ ಮನೆ ಅಂತ ಬಿಟ್ಟುಬಿಟ್ಟರು. ಫೋಟೋ ತೆಗೆಯುವವರಿಗೆ ಅಂಥ ಬೆಳಕು ದುಡ್ಡು ಕೊಟ್ಟರೂ ಸಿಗುವುದಿಲ್ಲ. ರೋಮ್‌ನ ಒಂದು ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜಿಯೊ 1599-1600ರಲ್ಲಿ ಬರೆದ ಚಿತ್ರ ಇದೆ. ಕತ್ತಲ ಕೋಣೆಯಲ್ಲಿ ಮೇಜಿನ ಸುತ್ತ ಕೂತು ಹಣ ಎಣಿಸುವವರ ಮೇಲೆ ಬಲಗಡೆ ಮೇಲಿಂದ ಓರೆಯಾಗಿ ಬೆಳಕು ಬೀಳುತ್ತದೆ, ಏಸು ಬಂದು ಅವರಲ್ಲಿ ಒಬ್ಬನನ್ನು ಕರೆಯುತ್ತಿದ್ದಾನೆ. ಬಾಗಲಕೋಟೆಯ ಯಾವುದಾದರೂ ಹಳೆಯ ಅಡತಿ ಅಂಗಡಿಗೆ ಬೆಳಗ್ಗೆ ಹೋಗಿ ನಿಂತುಕೊಳ್ಳಿ. ಗಾದಿಯ ಮೇಲೆ ಕೂತು ನೋಟು ಎಣಿಸುವವರು, ಮೇಲಿನ ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ತೇಲುವ ಜೋಳದ ಧೂಳು, ಬಾಗಿಲಲ್ಲಿ ನಿಂತು ಕೈ ಮಾಡಿ ಕರೆಯುವ ರೈತ. ಯಾರಿಗೂ ವೇಷ ಹಾಕಬೇಕಿಲ್ಲ. ಅವರನ್ನು ಕೇಳಿ ತೆಗೆಯಿರಿ, ಅಷ್ಟೇ.

ನನಗೆ ಒಂದು ಆಸೆ ಬಹಳ ದಿನದಿಂದ ಇದೆ, ನಿಮ್ಮಂಥವರು ಮಾಡಲಿ ಅಂತ ಹೇಳುತ್ತೇನೆ. ಡಚ್ಚರ ಚಿತ್ರ, ಇಟಲಿಯ ಚಿತ್ರ ಎಲ್ಲ ಸರಿ, ನಮ್ಮ ವಿಜಯಪುರದ ಚಿತ್ರಗಳನ್ನು ಯಾಕೆ ಯಾರೂ ಫೋಟೋದಲ್ಲಿ ಮಾಡುವುದಿಲ್ಲ? ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1603-04ರ ಸುಮಾರಿಗೆ ಅಲ್ಲಿ ಬರೆದ ಒಂದು ಚಿತ್ರ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಜಟೆ ಕಟ್ಟಿದ ಯೋಗಿನಿ ಒಬ್ಬಳು ಕೈಯ ಮೇಲೆ ಗೊರವಂಕ ಹಕ್ಕಿ ಕೂಡಿಸಿಕೊಂಡು ಅದರ ಜೊತೆ ಮಾತಾಡುವವಳ ಹಾಗೆ ನಿಂತಿದ್ದಾಳೆ. ಪಕ್ಕದಲ್ಲಿ ಅವಳೆತ್ತರದ ಹೂಗಿಡಗಳು, ದೂರದಲ್ಲಿ ಬೆಟ್ಟದ ಮೇಲೆ ಸಣ್ಣದಾಗಿ ಅರಮನೆ. ನಮ್ಮ ಮಣ್ಣಿನಲ್ಲಿ ಹುಟ್ಟಿದ ಆ ಚಿತ್ರವನ್ನು ವಿಜಯಪುರದ ಮಕ್ಕಳಲ್ಲಿ ಎಷ್ಟು ಜನ ನೋಡಿದ್ದಾರೆ? ನನಗೆ ಇದು ನಿಜಕ್ಕೂ ನೋವಿನ ವಿಷಯ.

ಅದನ್ನು ತೆಗೆಯುವ ರೀತಿಯೇ ಬೇರೆ. ಆ ಚಿತ್ರಗಳಲ್ಲಿ ಒಂದು ಕಡೆಯಿಂದ ಬರುವ ಬೆಳಕು ಇಲ್ಲ, ನೆಲದ ಮೇಲೆ ನೆರಳು ಬೀಳುವುದಿಲ್ಲ. ದೀಪ, ಕಿಟಕಿ ಎರಡೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಶ್ರಾವಣದ ಮೋಡದ ದಿನ ಬೇಕು, ಇಡೀ ಆಕಾಶವೇ ಒಂದು ದೊಡ್ಡ ದೀಪ ಆಗಿರುವ ದಿನ. ಹೂಗಿಡಕ್ಕೆ ಹತ್ತಿರ, ಕ್ಯಾಮೆರಾ ಕೆಳಗಿಟ್ಟು ತೆಗೆದರೆ ಹೂವು ದೊಡ್ಡದಾಗಿ, ದೂರದ ಗುಮ್ಮಟ ಚಿಕ್ಕದಾಗಿ ಕಾಣುತ್ತದೆ. ಆ ಚಿತ್ರ ಬರೆದಾಗ ಗೋಳಗುಮ್ಮಟ ಇನ್ನೂ ಇರಲಿಲ್ಲ, ಆದರೂ ಅರಮನೆಯ ಜಾಗದಲ್ಲಿ ಅದು ಬಂದರೆ ನನಗೆ ಸಂತೋಷವೇ. ಹಕ್ಕಿ ಮಾತ್ರ ಜೀವಂತ ಹಿಡಿಯಬೇಡಿ, ಅದು ತಪ್ಪು, ಕಾನೂನಿಗೂ ವಿರುದ್ಧ. ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವವರಿದ್ದಾರೆ, ಒಂದು ಗೊರವಂಕ ಮಾಡಿಕೊಡಿ ಅಂತ ಕೇಳಿ. ಬಣ್ಣದ ಹಕ್ಕಿ ಆ ಚಿತ್ರದ ಲೋಕಕ್ಕೆ ನಿಜದ ಹಕ್ಕಿಗಿಂತ ಚೆನ್ನಾಗಿ ಹೊಂದುತ್ತದೆ.

ಕೊನೆಗೆ ನಿಮ್ಮ ಆಯಿಗೆ ಅಂತಲೇ ಒಂದು ಫೋಟೋ ಹೇಳುತ್ತೇನೆ. 1657-59ರ ಸುಮಾರಿಗೆ ಡಚ್ ಚಿತ್ರಕಾರ ವರ್ಮೀರ್, ತೆರೆದ ಕಿಟಕಿಯ ಹತ್ತಿರ ನಿಂತು ಪತ್ರ ಓದುವ ಹುಡುಗಿಯನ್ನು ಬರೆದ. ಕಿಟಕಿ ಎಡಗಡೆ, ಮುಂದೆ ಹಾಸಿನ ಮೇಲೆ ಹಣ್ಣಿನ ತಟ್ಟೆ. 1997ರಲ್ಲಿ ಲಂಡನ್ನಿನ ಟಾಮ್ ಹಂಟರ್ ಅದನ್ನೇ ಫೋಟೋದಲ್ಲಿ ಮಾಡಿದ. ಅವನ ಓಣಿಯವರಿಗೆ ಮನೆ ಬಿಡಿ ಅಂತ ನೋಟಿಸು ಬಂದಿತ್ತು. ಫೋಟೋದಲ್ಲಿ ಹೆಣ್ಣುಮಗಳು ಓದುತ್ತಿರುವುದು ಪ್ರೇಮಪತ್ರ ಅಲ್ಲ, ಆ ನೋಟಿಸು. ಹಣ್ಣಿನ ತಟ್ಟೆಯ ಜಾಗದಲ್ಲಿ ಅವಳ ಕೂಸು ಮಲಗಿದೆ. ಬೆಳಕು ಅದೇ, ನಿಂತ ರೀತಿ ಅದೇ, ಕಾಗದ ಒಂದು ಬದಲಾಯಿತು, ಎಲ್ಲ ಬದಲಾಯಿತು. (ಒಂದು ಸ್ವಾರಸ್ಯ: ಹಂಟರ್ ಬೋಳು ಗೋಡೆ ನೋಡಿ ಬೋಳು ಗೋಡೆಯನ್ನೇ ತೆಗೆದ. 2021ರಲ್ಲಿ ವರ್ಮೀರನ ಚಿತ್ರವನ್ನು ತೊಳೆದು ಮುಗಿಸಿದಾಗ ಆ ಗೋಡೆಯ ಮೇಲೆ ಮನ್ಮಥನ ಚಿತ್ರ ಹೊರಬಂತು, ವರ್ಮೀರ್ ಸತ್ತ ಮೇಲೆ ಯಾರೋ ಬಣ್ಣ ಹಚ್ಚಿ ಮುಚ್ಚಿದ್ದರಂತೆ.)

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಹೋಯಿತು, ನವನಗರ ಬಂತು. ಡ್ಯಾಮಿನ ನೀರು 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ಇಂದಿಗೂ ಮನೆ ಮನೆಯಲ್ಲಿದೆ. ನಿಮ್ಮ ಬಳಗದಲ್ಲಿ ಯಾರದೋ ಟ್ರಂಕಿನಲ್ಲಿ ಮುಳುಗಡೆಯ ಕಾಗದ ಇದ್ದೇ ಇರುತ್ತದೆ, ಆ ಮನೆ ಬಿಟ್ಟು ಬಂದ ಆಯಿಯೂ ಒಬ್ಬರು ಇರುತ್ತಾರೆ. ನಿಮ್ಮ ಆಯಿಯೇ ಆಗಿದ್ದರೆ ಅವರನ್ನೇ ಕೇಳಿ. ಆ ಕಾಗದವನ್ನು ಇನ್ನೊಮ್ಮೆ ಓದುವ ಮನಸ್ಸು ಇದೆಯಾ ಅಂತ ಮೊದಲು ಕೇಳಬೇಕು. ಇಲ್ಲ ಅಂದರೆ ಅಲ್ಲಿಗೇ ಬಿಡಿ. ಹೂಂ ಅಂದರೆ ಬೆಳಗ್ಗೆ ಒಂಬತ್ತರ ಹೊತ್ತಿಗೆ, ಬಿಸಿಲು ನೇರ ಬೀಳದ ಉತ್ತರದ ಕಿಟಕಿ ಆರಿಸಿ. ಕಿಟಕಿ ನಿಮ್ಮ ಎಡಕ್ಕೆ ಬರಲಿ, ಅವರು ಅದರ ಕಡೆ ಮುಖ ಮಾಡಿ ನಿಲ್ಲಲಿ, ಎದುರಿಗೆ ಹಣ್ಣಿನ ಬದಲು ಆ ಹಳೆಯ ಮನೆಯಿಂದ ತಂದ ಸಾಮಾನು ಏನಾದರೂ ಇರಲಿ, ಬೀಗದ ಕೈ ಆದರೂ ಸರಿ. ಆಮೇಲೆ ಸುಮ್ನೆ ಓದಲು ಬಿಡಿ, ಮಾತಾಡಿಸಬೇಡಿ. ವರ್ಮೀರನ ಹುಡುಗಿಗೆ ಕನ್ನಡಕ ಇಲ್ಲ ಅಂತ ಆಯಿಯ ಕನ್ನಡಕ ತೆಗೆಸಬೇಡಿ.